ವಾಸನೆ ಬರ್ತಿದೆ

"ವಾಸನೆ ಬರ್ತಿದೆ ಕಣೋ," ಅಂದಳು ಅಮ್ಮ. ಬೆಳಿಗ್ಗೆ ಆರೂವರೆ. ಅವನು ಬಿಸಿ ಹಾಲಿನ ಲೋಟ ಹಿಡಿದು ಇನ್ನೂ ಹೊಸ್ತಿಲಲ್ಲೇ ಇದ್ದ. "ನಿನ್ನೆಗಿಂತ ಜಾಸ್ತಿಯಾಗಿದೆ," ಎಂದು ಸೇರಿಸಿ ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅವನಿಗೆ ಎಷ್ಟು ಹಿಗ್ಗಾಯಿತೆಂದರೆ ಲೋಟ ವಾಲಿ ಹಾಲು ಕೈಮೇಲೆ ಚೆಲ್ಲಿದ್ದೂ ತಿಳಿಯಲಿಲ್ಲ. ಐವತ್ತೆರಡು ವರ್ಷದ, ತಲೆ ಅರ್ಧ ಬೋಳಾದ, ನಕ್ಕರೆ ಗಂಟೇನು ಹೋಗುತ್ತದೆ ಎಂದು ಪ್ರೆಸ್ಸಿನವರಿಂದ ಅನ್ನಿಸಿಕೊಳ್ಳುವ ಮನುಷ್ಯ ಚಿಕ್ಕ ಮಗುವಿನ ಹಾಗೆ ಕಿಟಕಿಯ ಹತ್ತಿರ ಓಡಿ ಬಗ್ಗಿ ನೋಡಿದ. ನಿನ್ನೆ ಸಂಜೆ ಬಾಯಿ ಬಿಡುತ್ತಿದ್ದ ಬಿಳಿ ಹೂಗಳು ಈಗ ಪೂರ್ತಿ ಅರಳಿದ್ದವು, ಒಂಬತ್ತೂ ದಂಟು. ಅವನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

"ಬಿಳೀದು ಅರಳಿದೆ ಅಮ್ಮ, ಅದಕ್ಕೇ. ನೀಲಿಗಿಂತ ಬಿಳೀದಕ್ಕೇ ಜಾಸ್ತಿ ಅಂತ ಪುಸ್ತಕದಲ್ಲಿತ್ತು. ಬಿಸಿಲೇರಲಿ, ಗೋಡೆ ಕಾಯಲಿ, ಆಮೇಲೆ ಹೇಳು."

ಅಮ್ಮ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಆಮೇಲೆ, "ಕಿಟಕಿ ಪೂರ್ತಿ ತೆಗಿ," ಅಂದಳು.

"ಚಳಿ ಆಗಲ್ವಾ?"

"ಆಗಲಿ ಬಿಡು."

ಎರಡೂ ಬಾಗಿಲು ಗೋಡೆಗೆ ತಾಗುವವರೆಗೆ ತೆಗೆದ. ಚಳಿಗಾಲ ಮುಗಿಯಿತೆಂದು ಕ್ಯಾಲೆಂಡರು ಹೇಳುತ್ತಿತ್ತೇ ಹೊರತು ಗಾಳಿ ಇನ್ನೂ ಒಪ್ಪಿಕೊಂಡಿರಲಿಲ್ಲ. ಪರದೆ ಎದ್ದು ಅಮ್ಮನ ಮಂಚದವರೆಗೂ ಬಂತು. ಅವನು ಇನ್ನೊಂದು ಕಂಬಳಿ ಹೊದಿಸಿದ. ಅಮ್ಮನ ಕೈ ಸೋಕಿತು, ಬೆಚ್ಚಗಿತ್ತು, ಕಂಬಳಿಯ ಕಾವು ಅಂದುಕೊಂಡ. ಹಾಲು ಎರಡು ಗುಟುಕು ಕುಡಿದು ಸಾಕೆಂದಳು. ಈಚೆಗೆ ಊಟವೂ ಅಷ್ಟೇ ಆಗಿತ್ತು, ಕೇಳಿದರೆ, ಮಲಗಿಕೊಂಡೇ ಇರೋಳಿಗೆ ಹಸಿವೆಲ್ಲಿಂದ ಬರಬೇಕು ಅನ್ನುತ್ತಿದ್ದಳು. ಅವಳು ಹೂಗಳ ಕಡೆ ಒಮ್ಮೆಯೂ ನೋಡಲಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು, ಬಿದ್ದು ಹಾಗೇ ಜಾರಿಹೋಯಿತು. ಘಮಕ್ಕೆ ಕಣ್ಣೇಕೆ? ಮೂಗುಳ್ಳವರು ಹೀಗೇ, ಕಣ್ಣು ಮುಚ್ಚಿ ಗೋಡೆಗೆ ತಿರುಗಿ, ಅದನ್ನೊಂದನ್ನೇ ಒಳಕ್ಕೆಳೆದುಕೊಳ್ಳುತ್ತಾರೇನೋ. ಮೂಗುಳ್ಳವರ ವಿಷಯ ಅವನಿಗೆ ಏನು ಗೊತ್ತು?

ಅವನ ಮೂಗು ಹುಟ್ಟಿನಿಂದಲೇ ಸತ್ತದ್ದು. ಮುಖದ ನಡುವೆ ಭರ್ಜರಿಯಾಗಿಯೇನೋ ಕೂತಿದೆ, ಕನ್ನಡಕ ಹೊರುವುದು ಬಿಟ್ಟರೆ ಇನ್ನೊಂದು ಕೆಲಸಕ್ಕೆ ಬಾರದು. ಆರು ವರ್ಷದವನಿದ್ದಾಗ ಕೊಳೆತ ಮೊಟ್ಟೆಯೊಂದನ್ನು ಚಪ್ಪರಿಸಿ ತಿಂದು ಮೂರು ದಿನ ಮಲಗಿದ ಮೇಲೆಯೇ ಮನೆಯವರಿಗೆ ಅದು ಗೊತ್ತಾದದ್ದು. ಅಕ್ಕ ಅವತ್ತೇ ಅವನಿಗೆ ಮೊಂಡುಮೂಗ ಎಂದು ಹೆಸರಿಟ್ಟಳು. ಅಮ್ಮ ಹೆಸರಿಡಲಿಲ್ಲ, ತಾನೇ ಅವನ ಮೂಗಾಗಿಬಿಟ್ಟಳು. ತಟ್ಟೆ ಮೊದಲು ಅವಳ ಮುಖದ ಹತ್ತಿರ ಹೋಗಿ ಆಮೇಲೆ ಅವನ ಮುಂದೆ ಬರುತ್ತಿತ್ತು. ಗ್ಯಾಸ್ ಒಲೆಯ ಗುಂಡಿಯನ್ನು ಅವನು ತಿರುಗಿಸುವ ಹಾಗಿರಲಿಲ್ಲ, ಅವನ ಅಡುಗೆಯೆಲ್ಲ ಕರೆಂಟಿನ ಒಲೆಯ ಮೇಲೆ. ಶಾಲೆಗೆ ಹೊರಡುವಾಗ, ಕಾಲೇಜಿಗೆ ಹೊರಡುವಾಗ, ಮೂವತ್ತು ವರ್ಷದಿಂದ ಪ್ರೆಸ್ಸಿಗೆ ಕರಡು ತಿದ್ದಲು ಹೊರಡುವಾಗ, ಬಾಗಿಲ ಬಳಿ ನಿಂತು ತೋಳೆತ್ತುವನು. ಅಮ್ಮ ಬಗ್ಗಿ ಒಮ್ಮೆ ಮೂಸಿ, ಹೋಗು ಅನ್ನುವಳು, ಇಲ್ಲವೇ ತೆಗಿ ಅನ್ನುವಳು. ತೆಗಿ ಅಂದರೆ ಮರುಮಾತಿಲ್ಲದೆ ಒಳಗೆ ಹೋಗಿ ಬೇರೆ ಶರ್ಟು ಹಾಕಿಕೊಳ್ಳುವನು. ನಡುವಯಸ್ಸಿನ ಗಂಡಸು ಬಾಗಿಲಲ್ಲಿ ತೋಳೆತ್ತಿ ನಿಂತದ್ದನ್ನು ಅಕ್ಕ ಒಮ್ಮೆ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಸೊಂಟದ ಮೂಳೆ ಮುರಿದು ಅಮ್ಮ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಮಾತ್ರ ಅವನ ಶರ್ಟನ್ನು ಮೂಸುವವರಿರಲಿಲ್ಲ. ಆ ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಪ್ರೆಸ್ಸಿನ ಅವನ ಮೇಜಿನ ಮೇಲೆ, ಕರಡಿನ ಕಟ್ಟಿನ ಪಕ್ಕದಲ್ಲಿ, ಒಂದು ಹೊಸ ಸೋಪು ಇತ್ತು. ಹೆಸರಿಲ್ಲ, ಚೀಟಿಯಿಲ್ಲ. ಕೋಣೆಯಲ್ಲಿದ್ದ ನಾಲ್ವರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಅವನು ಅದನ್ನು ಡ್ರಾಯರಿನೊಳಗೆ ಸರಿಸಿ ಸಂಜೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ, ಎದ್ದರೆ ಅವರ ಹತ್ತಿರದಿಂದ ಹಾದುಹೋಗಬೇಕಿತ್ತು.

ಅಮ್ಮ ಮನೆಗೆ ಬಂದಳು, ಮಂಚ ಹಿಡಿದಳು. ಇನ್ನೊಂದು ವಸಂತ ನನ್ನ ಹಣೇಲಿದೆಯೋ ಇಲ್ಲವೋ ಎಂದು ಒಂದು ಮಧ್ಯಾಹ್ನ ಸುಮ್ಮನೆ, ಯಾರಿಗೂ ಅಲ್ಲದ ಹಾಗೆ ಅಂದಳು. ಆ ಮಾತು ಅವನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅರ್ಧ ಶತಮಾನ ತನ್ನ ಬೆವರು, ತನ್ನ ಸಾಕ್ಸು, ತನ್ನ ತಟ್ಟೆ ಮೂಸಿದ ಮೂಗಿಗೆ ಒಂದೇ ಒಂದು ಒಳ್ಳೆಯದನ್ನು ಕೊಡಬೇಕು, ಅವಳು ಇರುವಾಗಲೇ ಕೊಡಬೇಕು, ಅಷ್ಟೇ ಅವನ ಆಸೆ. ಇನ್ನೇನನ್ನೂ ಅವನು ಆ ಚಳಿಗಾಲವಿಡೀ ಬಯಸಲಿಲ್ಲ. ಪುಸ್ತಕ ತಂದು, ಕರಡು ತಿದ್ದುವ ಹಾಗೆ ಪೆನ್ಸಿಲ್ ಹಿಡಿದು ಓದಿದ. ಚಳಿ ಬಿಡುವ ಮೊದಲೇ ಹೂ ಬಿಡುವುದು ಹಯಸಿಂತ್, ಈರುಳ್ಳಿಯಂಥ ಗೆಡ್ಡೆಯಿಂದ ಬರುತ್ತದೆ, ಒಂದು ದಂಟಿನ ಘಮ ಒಂದು ಕೋಣೆಯನ್ನು ತುಂಬುತ್ತದೆ. ಗೆಡ್ಡೆಯ ಎತ್ತರದ ಮೂರರಷ್ಟು ಆಳ, ಚೂಪು ತುದಿ ಮೇಲಕ್ಕೆ. ನೀರು ನಿಲ್ಲಬಾರದು. ಬಿಸಿಲಿಗೆ ಕಾಯುವ ಇಟ್ಟಿಗೆ ಗೋಡೆಯ ಬುಡದಲ್ಲಿ ನೆಟ್ಟರೆ ಘಮ ಬೇಗ ಏಳುತ್ತದೆ. ಅಮ್ಮನ ಕಿಟಕಿಯ ಕೆಳಗೆ ಅಂಥದ್ದೇ ಗೋಡೆ. ಅದನ್ನು ಹಾದು ಗೇಟಿನಿಂದ ಬಾಗಿಲವರೆಗೆ ಹೋಗುವ ಕಾಲುದಾರಿಯ ಎರಡೂ ಪಕ್ಕ ಅಗೆದು ಪಾತಿ ಅಗಲ ಮಾಡಿದ, ದಾರಿ ಒಬ್ಬರು ನಡೆಯುವಷ್ಟೇ ಉಳಿಯಿತು. ಗಾಳಿ ಯಾವ ಕಡೆಯಿಂದ ಬೀಸಿ ಯಾವ ಕಡೆಗೆ ಹೋಗುತ್ತದೆಂದು ಮೂಗಿದ್ದವನು ಮೂಸಿ ತಿಳಿಯಬಹುದು. ಅವನು ಹಳೆಯ ಕರಡು ಹಾಳೆ ಹೊಸೆದು, ಬೆಂಕಿ ಹಚ್ಚಿ, ಹೊಗೆ ಎತ್ತ ಹೋಗುತ್ತದೆಂದು ನೋಡಿದ. ನಾಲ್ಕನೇ ಜಾಗದಲ್ಲಿ ಹೊಗೆ ನೆಟ್ಟಗೆ ಕಿಟಕಿಯೊಳಗೆ ಹೋಯಿತು. ಒಳಗಿನಿಂದ ಅಮ್ಮ, "ಏನೋ ಸುಡ್ತಿದ್ದೀಯಾ, ಮನೆಗೇ ಬೆಂಕಿ ಇಟ್ಯಾ?" ಎಂದು ಕೂಗಿದಳು. ಅವನು ಅಲ್ಲೇ ಮಂಡಿಯೂರಿ ಮೊದಲ ಗೆಡ್ಡೆ ನೆಟ್ಟ.

ಮೊಳಕೆ ಮಣ್ಣು ಸೀಳಿ ಮೇಲೆ ಬಂದ ವಾರದಲ್ಲಿ ಆ ಬೆಟ್ಟದೂರಿನಲ್ಲಿ ರಾತ್ರಿ ಹೊತ್ತು ಹಿಮ ಬೀಳತೊಡಗಿತು. ಮುಚ್ಚದಿದ್ದರೆ ಮೊಗ್ಗಿನ ತುದಿ ಕಪ್ಪಾಗುತ್ತದೆ, ಕಪ್ಪಾದ ಮೊಗ್ಗು ಅರಳುವುದಿಲ್ಲ ಎಂದು ಪುಸ್ತಕ ಹೇಳಿತ್ತು. ಅಮ್ಮನ ಕಪಾಟಿನಲ್ಲಿ ದಪ್ಪ ಹತ್ತಿಯ ಎರಡು ಹಾಸಿಗೆ ಬಟ್ಟೆ ಇದ್ದವು, ಆಸ್ಪತ್ರೆಯಿಂದ ಬರುವಾಗ ಬದಲಿಗೆ ಇರಲಿ ಎಂದು ತಂದದ್ದು. ಅದನ್ನೇ ಸಂಜೆ ಸಂಜೆ ಪಾತಿಗೆ ಹೊದಿಸಿ, ಬೆಳಿಗ್ಗೆ ತೆಗೆದು ಮಡಚಿಡುತ್ತಿದ್ದ. ಅಮ್ಮನನ್ನು ದಿನಾ ತೊಳೆದು, ಬೆನ್ನು ಒರೆಸಿ, ಮಗ್ಗುಲು ಬದಲಿಸುತ್ತಿದ್ದ ಆಯಾ ಹನ್ನೊಂದು ದಿನದ ಹಿಂದೆ ಮಗಳ ಹೆರಿಗೆಗೆಂದು ಊರಿಗೆ ಹೋಗುವಾಗ, "ಬೆನ್ನು ನೋಡ್ತಾ ಇರಿ ಸಾರ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯ್ಸಿ, ಮರೀಬೇಡಿ," ಎಂದಿದ್ದಳು. ಅವನು ಜೇಬಿನ ಡೈರಿಯಲ್ಲಿ ಬರೆದುಕೊಂಡ. ಪ್ರೆಸ್ಸಿನಿಂದ ಮಧ್ಯಾಹ್ನ ಓಡಿಬಂದು ಊಟ ಮಾಡಿಸಿದ, ಕೆಳಗೆ ಪಾತ್ರೆ ಇಟ್ಟು ತೆಗೆದ, ಮುಖ ಕೈ ಕಾಲು ಒರೆಸಿದ. ಬೆನ್ನಿನ ಹತ್ತಿರ ಬಂದಾಗ ಅಮ್ಮ, "ಬೇಡ ಕಣೋ, ಚಳಿ," ಅಂದಳು. ಮಗನ ಕೈಯಲ್ಲಿ ಬೆನ್ನು ಒರೆಸಿಕೊಳ್ಳುವ ಹೆಂಗಸಲ್ಲ ಅವಳು, ಅವನೂ ಬಲವಂತ ಮಾಡುವವನಲ್ಲ. ಇಬ್ಬರಿಗೂ ಅದರಿಂದ ಒಂಥರಾ ನಿರಾಳವಾಯಿತು. ಮಗ್ಗುಲು ಬದಲಾಯಿಸಲಾ ಎಂದರೆ, ಹೀಗೇ ಇರಲಿ ಅನ್ನುವಳು. ಅಕ್ಕ ಫೋನು ಮಾಡಿ, ಬೆನ್ನು ನೋಡಿದ್ಯೇನೋ ಎಂದು ಕೇಳಿದಾಗ ಅವನು ಕೈಯಲ್ಲಿ ಮಣ್ಣು ಮೆತ್ತಿಕೊಂಡು ನಿಂತಿದ್ದ. ಹೂಂ ಅಂದುಬಿಟ್ಟ. ಸುಳ್ಳು ಹೇಳಿದೆ ಅಂತಲೂ ಅನ್ನಿಸಲಿಲ್ಲ, ಫೋನು ಬೇಗ ಇಡಬೇಕಿತ್ತು.

ಐದು ದಿನದ ಹಿಂದೆ, ಮೊದಲ ನೀಲಿ ದಂಟು ಬಿರಿದ ಬೆಳಿಗ್ಗೆ, ಅಮ್ಮ ಮೊದಲ ಸಲ ಹೇಳಿದಳು. ಹೇಳುವಾಗ ಅವಳ ಸ್ವರ ಸಣ್ಣಗಿತ್ತು. "ವಾಸನೆ ಬರ್ತಿದೆ." ಅವನು ಕೈಯಲ್ಲಿದ್ದ ಪೊರಕೆ ಬಿಸಾಡಿ, ನಿಜವಾಗಿ, ಕೋಣೆಯ ನಡುವೆ ಒಂದು ಸುತ್ತು ಕುಣಿದಿದ್ದ. "ಬಂತಾ? ಬಂತಾ ಅಮ್ಮ? ಇಲ್ಲೀವರೆಗೂ ಬಂತಾ?" ಅಮ್ಮ ಅವನನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ನಕ್ಕಳು. "ಹೂಂ ಕಣೋ, ಬಂತು." ಅವತ್ತಿನಿಂದ ದಿನಾ ಬೆಳಿಗ್ಗೆ ಅವನೇ ಕೇಳುವುದು, ಬರ್ತಿದೆಯಾ ಎಂದು, ಅವಳು ಬರ್ತಿದೆ ಅನ್ನುವುದು. ಇವತ್ತು ಮಾತ್ರ ಅವನು ಕೇಳುವ ಮೊದಲೇ ಹೇಳಿದ್ದಳು.

ಶನಿವಾರ, ಪ್ರೆಸ್ಸು ಅರ್ಧ ದಿನ. ಅವನು ಹೊಸದಾಗಿ ಒಗೆದ ಶರ್ಟು ಹಾಕಿಕೊಂಡು, ಮಂಚದ ಹತ್ತಿರ ಬಗ್ಗಿ, ಅಭ್ಯಾಸದಂತೆ ತೋಳೆತ್ತಿದ. ಅಮ್ಮ ಮೂಸಲು ಹೋಗಿ ನಿಲ್ಲಿಸಿದಳು. "ನನಗೀಗ ಗೊತ್ತಾಗಲ್ಲ ಕಣೋ, ಹೋಗು," ಅಂದಳು. ಹೂವಿನ ಘಮ ಅಷ್ಟು ತುಂಬಿದೆ, ಶರ್ಟಿನದು ಎಲ್ಲಿ ತಿಳಿಯಬೇಕು ಎಂದುಕೊಂಡು ಅವನು ಸಂತೋಷದಿಂದಲೇ ಹೊರಬಿದ್ದ. ಪ್ರೆಸ್ಸಿನಲ್ಲಿ ಅವತ್ತು ಅವನ ಮೇಜಿಗೆ ಬಂದದ್ದು ಒಂದು ಸೋಪಿನ ಜಾಹೀರಾತಿನ ಕರಡು. ಮೂರನೇ ಸಾಲಿನಲ್ಲಿ, ದಿನವಿಡೀ ನಿಮ್ಮ ಮೈಯಿಂದ ಹೂವಿನ ವಾಸನೆ ಎಂದಿತ್ತು. ಅವನು ವಾ ಅಕ್ಷರಕ್ಕೆ ಮೊದಲು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಅಂಚಿನಲ್ಲಿ ಸು ಎಂದು ದುಂಡಗೆ ಬರೆದ. ಅಕ್ಷರ ಜೋಡಿಸುವ ಹೆಂಗಸು ಕಂಪ್ಯೂಟರಿನಿಂದ ತಲೆಯೆತ್ತಿ, "ಹೂವಿಂದು ಅಂದಮೇಲೆ ಒಳ್ಳೇದೇ ಅಲ್ವಾ ಸಾರ್, ಅದಕ್ಕೂ ಸು ಬೇಕಾ?" ಎಂದಳು. ಕನ್ನಡಕ ಸರಿಮಾಡಿಕೊಂಡು ಅವನು, ಬರೀ ವಾಸನೆ ಅಂದರೆ ಓದುವವನ ಮೂಗು ಮೊದಲು ಹೋಗುವುದು ಚರಂಡಿಗೆ, ಒಂದಕ್ಷರ ಬಿದ್ದುಹೋದರೆ ಸೋಪಿನ ಕಂಪನಿ ಬಾಗಿಲು ಹಾಕಬೇಕಾಗುತ್ತದೆ ಅಂದ. ಎಲ್ಲರೂ ನಕ್ಕರು. ತಾನೂ ಒಂದು ನಗೆಮಾತು ಆಡಬಲ್ಲೆ ಎಂದು ಅವನಿಗೆ ಖುಷಿಯಾಯಿತು. ಆ ಖುಷಿಯಲ್ಲೇ, ಯಾರೂ ಕೇಳದಿದ್ದರೂ, ನಮ್ಮ ಅಮ್ಮನ ಕಿಟಕಿಯ ಕೆಳಗೆ ಹೂ ಬಿಟ್ಟಿದೆ, ಮಂಚದವರೆಗೂ ಬರ್ತಿದೆಯಂತೆ ಎಂದು ಹೇಳಿದ. ಡ್ರಾಯರಿನಲ್ಲಿ ಆ ಸೋಪು ಹಾಗೇ ಇತ್ತು. ಕೊಟ್ಟವರು ಯಾರೆಂದು ಇವತ್ತಾದರೂ ನಗುನಗುತ್ತ ಕೇಳಿಬಿಡಲೇ ಅಂದುಕೊಂಡ, ಕೇಳಲಿಲ್ಲ.

ಮಧ್ಯಾಹ್ನ ಅಕ್ಕ ಬಸ್ಸಿನಿಂದ ಇಳಿದು ಚೀಲದೊಂದಿಗೆ ಗೇಟಿಗೆ ಬರುವುದಕ್ಕೂ ಅವನು ಅದರ ಬೀಗ ತೆಗೆಯುವುದಕ್ಕೂ ಸರಿಹೋಯಿತು. ಕಾಲುದಾರಿಯಲ್ಲಿ ಅವಳು ನಿಂತೇಬಿಟ್ಟಳು. "ಅಯ್ಯಯ್ಯೋ, ಮೊಂಡುಮೂಗ! ಇದೆಲ್ಲ ನೀನೇ ಬೆಳೆಸಿದ್ದಾ?" ಚೀಲ ಕೆಳಗಿಟ್ಟು, ಬಗ್ಗಿ, ಒಂದು ನೀಲಿ ದಂಟನ್ನು ಎರಡೂ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಅವಳ ಭುಜ ಮೇಲೆ ಹೋಗಿ ಕೆಳಗೆ ಬಂತು. "ಎಂಥಾ ಘಮ ಕಣೋ," ಎಂದಳು. ಇನ್ನೊಂದು ಮೂಗೂ ಸಾಕ್ಷಿ ಹೇಳಿತು. ಗೆದ್ದೆ ಎಂದುಕೊಂಡ, ಅಮ್ಮ ಇರುವಾಗಲೇ ಗೆದ್ದೆ. ಬಾಗಿಲು ತೆಗೆದು, ದೊಡ್ಡ ಮನುಷ್ಯರನ್ನು ಒಳಗೆ ಕರೆಯುವವನಂತೆ ಪಕ್ಕಕ್ಕೆ ಸರಿದು ನಿಂತ.

ಅಕ್ಕ ಒಳಗೆ ನಾಲ್ಕು ಹೆಜ್ಜೆ ಇಟ್ಟು ನಿಂತಳು. ಶಾಲಿನ ತುದಿ ಮೂಗಿಗೆ ಹೋಯಿತು.

"ಏನೋ ಇದು ವಾಸನೆ?"

"ಈಗ ತಾನೇ ಹೊರಗೆ ಮೂಸಿದ್ಯಲ್ಲಾ ಅಕ್ಕ?" ಅವನು ನಗುತ್ತಿದ್ದ. "ಇಲ್ಲೀವರೆಗೂ ಬರುತ್ತೆ. ಅಮ್ಮನೇ ಹೇಳಿದ್ಲು."

"ಇದು ಹೂವಿಂದಲ್ಲ ಕಣೋ," ಎಂದಳು ಅಕ್ಕ.

ಅವನ ಮುಖದ ಮೇಲೆ ನಗು ಇನ್ನೂ ಇತ್ತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಕ್ಕ ಓಡಿದಳು. ಹಿಂದೆ ಅವನು ಹೋದ. ಅಮ್ಮ ಅಕ್ಕನನ್ನು ಕಂಡು ಏಳಲು ನೋಡಿದಳು, ಅಕ್ಕ ಒಂದು ಕಂಬಳಿ ಎಳೆದಳು, ಇನ್ನೊಂದು ಎಳೆದಳು, ಅಮ್ಮನ ಸೊಂಟದ ಕೆಳಗೆ ಕೈಹಾಕಿದಳು. "ಬೇಡ ಕಣೇ, ಅವನಿದ್ದಾನೆ," ಎಂದಳು ಅಮ್ಮ. "ಅವನನ್ನ ಆಚೆ ಕಳಿಸು." ಅಕ್ಕ ಕೇಳಲಿಲ್ಲ, ಮಗ್ಗುಲಿಗೆ ಹೊರಳಿಸಿದಳು. ಹಾಸಿಗೆಯ ಬಟ್ಟೆ ಬೆನ್ನಿಗೆ ಅಂಟಿಕೊಂಡು ಮೇಲೆ ಬಂತು, ಆಮೇಲೆ ನಿಧಾನವಾಗಿ ಬಿಟ್ಟುಕೊಂಡಿತು. ಬೆನ್ನಿನ ಕೆಳಗೆ, ಮೂಳೆಯ ಮೇಲೆ, ಅಂಗೈಯಗಲ ಒಂದು ಹಳ್ಳ. ಒಳಗೆ ಹಳದಿ ಹಸಿ. ಸುತ್ತಲಿನ ಅಂಚು ಕಪ್ಪಾಗಿತ್ತು, ಹಿಮ ಬಡಿದ ಮೊಗ್ಗಿನ ಅಂಚಿನ ಹಾಗೆ, ಮತ್ತು ಅವನ ತಲೆಯಲ್ಲಿ ಮೊದಲು ಹೊಳೆದದ್ದೂ ಅದೇ, ಮುಚ್ಚಬೇಕಿತ್ತು, ಮುಚ್ಚಿದ್ದರೆ ಹೀಗಾಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡ. ಅಕ್ಕನ ಕಣ್ಣಿಂದ ನೀರು ಸುರಿಯುತ್ತಿತ್ತು, ಅಳುವಿನದೋ ವಾಸನೆಯದೋ. ಅವನಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಗಾಳಿ ಮಾಮೂಲಿನಂತೆ ಖಾಲಿಯಾಗಿತ್ತು, ತಣ್ಣಗಿತ್ತು, ಚೊಕ್ಕಟವಾಗಿತ್ತು.

"ಎಷ್ಟು ದಿನ ಆಯ್ತೋ?"

"ಐದು ದಿನ," ಎಂದ.

"ಏನು ಐದು ದಿನ?"

"ಅಮ್ಮ ಹೇಳಿ."

ಅಕ್ಕ ತಿರುಗಿದಳು. "ಹೇಳಿದ್ಲಾ? ನಿನಗೆ ಹೇಳಿದ್ಲಾ?"

"ಹೂಂ."

ಅವಳು ಹೊಡೆಯುತ್ತಾಳೆ ಅಂದುಕೊಂಡ, ಹೊಡೆದರೆ ಚೆನ್ನಾಗಿತ್ತು. ಅವಳು ಅವನನ್ನು ಗುರುತು ಸಿಗದವರನ್ನು ನೋಡುವಂತೆ ನೋಡಿ, "ಬಿಸಿನೀರು ಕಾಯಿಸು," ಎಂದಳು. ಹೋಗುತ್ತಿದ್ದವನನ್ನು ನಿಲ್ಲಿಸಿ, "ನೀನು ಬೇಡ, ನಾನೇ ಒಲೆ ಹಚ್ತೀನಿ. ಒಗೆದ ಬಟ್ಟೆ ಕೊಡು, ಹಾಸಿಗೇದು. ಕಪಾಟಲ್ಲಿ ದಪ್ಪಗಿನವು ಎರಡಿತ್ತಲ್ಲ," ಎಂದಳು. ಕಪಾಟಿನ ಮುಂದೆ ಹೋಗಿ ಸುಮ್ಮನೆ ನಿಂತ, ಬಾಗಿಲು ತೆಗೆದ, ಮುಚ್ಚಿದ. ಆಮೇಲೆ ಹೊರಗೆ ಹೋಗಿ ಪಾತಿಯ ಪಕ್ಕ ಮಡಚಿಟ್ಟಿದ್ದ ಎರಡನ್ನೂ ತೆಗೆದುಕೊಂಡು ಬಂದ. ಒದ್ದೆಯಾಗಿದ್ದವು, ಅಂಚಿಗೆ ಮಣ್ಣು ಮೆತ್ತಿತ್ತು, ಒಂದರಲ್ಲಿ ಉದುರಿದ ನೀಲಿ ಎಸಳು ನಾಲ್ಕೈದು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಮೂಲೆಗೆ ಹಾಕಿ, ತನ್ನ ಚೀಲದಿಂದ ತನ್ನದೇ ಬಟ್ಟೆ ತೆಗೆದು ಹರಿದಳು.

ಅಕ್ಕ ತೊಳೆಯುತ್ತಿದ್ದಾಗ ಅಮ್ಮನನ್ನು ಎತ್ತಿ ಹಿಡಿದುಕೊಳ್ಳುವ ಕೆಲಸ ಅವನದಾಯಿತು. ಮುಖ ಆಚೆ ತಿರುಗಿಸಿಕೋ ಎಂದಳು ಅಮ್ಮ, ತಿರುಗಿಸಿಕೊಂಡ. ಅಮ್ಮನ ಮೈ ಕೆಂಡದ ಹಾಗಿತ್ತು, ಮೂಳೆಗಳು ಅವನ ಎದೆಗೆ ಚುಚ್ಚುತ್ತಿದ್ದವು, ಬೆಚ್ಚಗಿನದೇನೋ ಅವನ ಶರ್ಟಿನಲ್ಲಿ ಇಂಗುತ್ತಿತ್ತು. ಕಿಟಕಿಯಾಚೆ ಬಿಸಿಲೇರಿತ್ತು, ಗೋಡೆ ಕಾದಿತ್ತು. ಕಿಟಕಿ ಪೂರ್ತಿ ತೆಗಿ ಅಂದಿದ್ದಳು. ಒಳಗೆ ಬರಲಿ ಎಂದು ಅವನು ತೆಗೆದಿದ್ದ, ಹೊರಗೆ ಹೋಗಲಿ ಎಂದು ಅವಳು ತೆಗೆಸಿದ್ದಳು, ಇಬ್ಬರದೂ ಒಂದೇ ಕಿಟಕಿ. ಅವನಿಗೆ ಈಗ ಹನ್ನೆರಡು ವರ್ಷ, ಬಾಗಿಲಲ್ಲಿ ತೋಳೆತ್ತಿ ನಿಂತಿದ್ದಾನೆ, ಅಮ್ಮ ಬಗ್ಗಿ ಮೂಸಿ ಅನ್ನುತ್ತಾಳೆ: ತೆಗಿ ಅದನ್ನ, ವಾಸನೆ ಬರ್ತಿದೆ. ಇಪ್ಪತ್ತು ವರ್ಷ. ತಟ್ಟೆ ಆಚೆ ಸರಿಸುತ್ತಾಳೆ: ಬೇಡ, ವಾಸನೆ ಬರ್ತಿದೆ. ನಲವತ್ತು ವರ್ಷ, ಆ ಸಾಕ್ಸು, ಆ ಟವೆಲ್ಲು, ಆ ಹಾಲು. ಆ ಎರಡು ಮಾತನ್ನು ಅಮ್ಮ ಅವನಿಗೆ ಸಾವಿರ ಸಲ ಹೇಳಿದ್ದಾಳೆ, ಒಮ್ಮೆಯೂ ಒಳ್ಳೆಯದರ ಬಗ್ಗೆ ಹೇಳಿದ್ದಲ್ಲ. ಒಳ್ಳೆಯದನ್ನು ಅವಳು ಘಮ ಅನ್ನುತ್ತಿದ್ದಳು, ಅಕ್ಕನ ಹಾಗೇ. ಜಗತ್ತಿನಲ್ಲಿ ಯಾರು ತಪ್ಪಿದರೂ ಅವನು ತಪ್ಪಬಾರದಾಗಿದ್ದ ಮಾತು ಅದು. ಆದರೆ ಅವನು ಕುಣಿದ. ಅಂಚಿನಲ್ಲಿ ಯಾರೂ ಬರೆಯದ ಒಂದಕ್ಷರವನ್ನು ತಾನೇ ಬರೆದುಕೊಂಡು, ಅವಳ ಬಾಯಲ್ಲಿಟ್ಟು, ಊರಿಗೆಲ್ಲ ಹೇಳಿಕೊಂಡು ಬಂದ. ಆ ಬೆಳಿಗ್ಗೆ ಅಮ್ಮ ತುಂಬ ಹೊತ್ತು ನೋಡಿದ್ದಳಲ್ಲ, ಆಗ ಅವಳ ಮುಖದಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ನೋಡಿದ. ಅವನಿಗೆ ನೆನಪಿದ್ದದ್ದು ಅವಳು ನಕ್ಕದ್ದೊಂದೇ.

"ಯಾಕಮ್ಮ ಬಿಡಿಸಿ ಹೇಳಲಿಲ್ಲ?" ಅಕ್ಕ ಅಳುತ್ತಲೇ ಕೇಳುತ್ತಿದ್ದಳು. "ಗಾಯ ಆಗಿದೆ ಕಣೋ ಅಂತ ಒಂದು ಮಾತು. ಅವನಿಗೆ ಮೂಗಿಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಹೇಳಿದೆನಲ್ಲೇ," ಎಂದಳು ಅಮ್ಮ. ಮಾತು ಅವನ ಎದೆಯ ಮೇಲೆಯೇ ಆಡುತ್ತಿದ್ದಳು, ತಲೆ ಅಲ್ಲೇ ಒರಗಿತ್ತು. "ಮಗನ ಹತ್ರ ಅದಕ್ಕಿಂತ ಬಿಡಿಸಿ ಹೇಗೇ ಹೇಳೋದು? ಹೇಳಿದ್ದಕ್ಕೆ ಕುಣಿದುಬಿಟ್ಟ ಕಣೇ. ಅವನು ಅಷ್ಟು ಖುಷಿಪಟ್ಟಿದ್ದು ನಾನು ನೋಡೇ ಇರ್ಲಿಲ್ಲ. ಆಮೇಲೆ ಬಾಯಿ ಬರಲಿಲ್ಲ."

"ಇವತ್ತೂ ಹೇಳಿದೆ," ಎಂದು ಸೇರಿಸಿದಳು. "ತಡೆಯಕ್ಕಾಗಲಿಲ್ಲ."

ಅವನು ಅಮ್ಮನ ತಲೆ ಜಾರದ ಹಾಗೆ ತೋಳನ್ನು ಇನ್ನಷ್ಟು ಮೇಲಕ್ಕೆ ಸರಿಸಿದ.

ಅಕ್ಕ ಫೋನಿನಲ್ಲಿ ಡಾಕ್ಟರಿಗೆ ವಿವರ ಹೇಳಿದಳು. ಅವರು ಜ್ವರ ಎಷ್ಟಿದೆ, ಮಾತು ನೆಟ್ಟಗಿದೆಯಾ, ಊಟ ಬಿಟ್ಟು ಎಷ್ಟು ದಿನ ಎಂದು ಕೇಳುತ್ತಿದ್ದುದು ಅವನಿಗೂ ಕೇಳಿಸುತ್ತಿತ್ತು. ಒಂದೊಂದಕ್ಕೂ ಅಕ್ಕ ಅವನ ಕಡೆ ನೋಡುವಳು, ಅವನು ಉತ್ತರ ಹೇಳುವನು, ಪ್ರತಿ ಉತ್ತರವೂ ಅವನಿಗೆ ಮೊದಲೇ ಗೊತ್ತಿತ್ತು. ಕೈ ಬೆಚ್ಚಗಿದ್ದದ್ದು ಗೊತ್ತಿತ್ತು. ಎರಡೇ ಗುಟುಕು ಗೊತ್ತಿತ್ತು. ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ತಕ್ಷಣ ಕರೆತನ್ನಿ, ವಿಷ ರಕ್ತಕ್ಕೆ ಏರಿರಬಹುದು, ಈ ವಯಸ್ಸಿನಲ್ಲಿ ಏನೂ ಹೇಳಕ್ಕಾಗಲ್ಲ ಎಂದರು. ಅಷ್ಟು ಕೇಳಿ, ಆಂಬುಲೆನ್ಸಿಗೂ ಹೇಳಿ, ಅಕ್ಕ ಫೋನು ಇಟ್ಟಳು. ಅಕ್ಕ ಅಮ್ಮನ ತಲೆ ಬಾಚಿದಳು. ಅವನು ಕಿಟಕಿ ಮುಚ್ಚಲು ಹೋದ, ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದೆ ಅರ್ಧಕ್ಕೇ ಬಿಟ್ಟ.

ಆಂಬುಲೆನ್ಸಿನ ಇಬ್ಬರು ಸ್ಟ್ರೆಚರ್ ಹಿಡಿದು ಬಂದರು, ಒಬ್ಬ ಉದ್ದ, ಒಬ್ಬ ಗಿಡ್ಡ. ಕೋಣೆಗೆ ಬಂದಾಗ ಗಿಡ್ಡನೆಯವನು ಒಂದು ಕ್ಷಣ ಉಸಿರು ಬಿಗಿಹಿಡಿದ, ಅದು ಅವನಿಗೆ ಕಾಣಿಸಿತು. ಇನ್ನು ಮುಂದೆ ಇಂಥದ್ದೆಲ್ಲ ಕಾಣಿಸುತ್ತದೆ. ಹೊರಗೆ ಕಾಲುದಾರಿಯಲ್ಲಿ ಕಷ್ಟವಾಯಿತು. ದಾರಿ ಒಬ್ಬರಿಗಷ್ಟೇ ಸಾಕಾಗುವಷ್ಟಿತ್ತು, ಸ್ಟ್ರೆಚರ್ ಅದಕ್ಕಿಂತ ಅಗಲ. "ಯಾರ್ರೀ ಇಷ್ಟು ಕಿರಿದು ಮಾಡಿಟ್ಟಿದ್ದು?" ಎಂದು ಉದ್ದನೆಯವನು ಗೊಣಗಿದ. "ತುಳೀರಿ, ಪರವಾಗಿಲ್ಲ, ತುಳೀರಿ," ಎಂದ ಅವನು. ಅವರು ಅನುಮಾನಿಸಿದರು. ಅವನೇ ಮೊದಲು ಪಾತಿಗೆ ಕಾಲಿಟ್ಟ. ದಂಟು ಮುರಿಯುವ ಸದ್ದು ಕೇಳಿಸಿತು, ನೀರು ತುಂಬಿದ್ದ ದಂಟುಗಳು, ಲಟಲಟ ಎಂದವು. ಹಿಂದೆ ಆ ಇಬ್ಬರೂ ತುಳಿದುಕೊಂಡು ಬಂದರು, ನೀಲಿ ಹೋಯಿತು, ಬಿಳಿ ಒಂಬತ್ತೂ ಹೋಯಿತು. ಗೇಟಿನ ಹತ್ತಿರ ಕೈ ಬದಲಿಸಲೆಂದು ಅವರು ಒಂದು ಗಳಿಗೆ ನಿಂತರು. ಅವನು ಬಗ್ಗಿ ಅಮ್ಮನ ಕಂಬಳಿ ಸರಿಮಾಡಿದ. ಅಮ್ಮನ ಮೂಗಿನ ಹೊಳ್ಳೆ ಅರಳಿತು.

"ಬರ್ತಿದೆ ಕಣೋ," ಎಂದಳು.

ಐದು ದಿನ ಕೇಳದೇ ಇದ್ದದ್ದನ್ನು ಈಗ ಕೇಳಿದ. "ಯಾವುದಮ್ಮ? ಯಾವ ವಾಸನೆ?"

"ನಿನ್ನ ಶರ್ಟಿಂದು." ಅಮ್ಮ ಕೈಯೆತ್ತಿ ಅವನ ಎದೆಯ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿದಳು. "ನನ್ನದೆಲ್ಲ ಮೆತ್ತಿಕೊಂಡಿದೆ. ಹೀಗೇ ಬರ್ಬೇಡ, ಅಲ್ಲಿ ನಾಲ್ಕು ಜನ ಇರ್ತಾರೆ, ಏನಂದ್ಕೋತಾರೆ? ತೆಗಿ ಅದನ್ನ, ಬೇರೆ ಹಾಕ್ಕೊಂಡು ಬಾ."

ಅವನ ಕೈ ತನ್ನಷ್ಟಕ್ಕೇ ಮೇಲಿನ ಗುಂಡಿಗೆ ಹೋಯಿತು. ಬಿಚ್ಚಿತು. ಎರಡನೆಯದಕ್ಕೂ ಹೋಯಿತು. ಅವರು ಸ್ಟ್ರೆಚರನ್ನು ಒಳಗೆ ತಳ್ಳುತ್ತಿದ್ದರು, ಅಕ್ಕ ಹತ್ತಿ ಅಮ್ಮನ ತಲೆಯ ಹತ್ತಿರ ಕೂತಿದ್ದಳು, ಶಾಲು ಇನ್ನೂ ಮೂಗಿನ ಮೇಲೇ ಇತ್ತು. ಅವನು ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅಮ್ಮನ ಆ ಮಾತು ಕೇಳದೆ, ಅದೇ ಶರ್ಟಿನಲ್ಲಿ ಹತ್ತಿ ಅವಳ ಕಾಲಿನ ಹತ್ತಿರ ಕೂತ. ಗಾಡಿ ಹೊರಟಿತು. ಎದುರು ಕೂತಿದ್ದ ಗಿಡ್ಡನೆಯವನು ಅವನ ಕಡೆ ಒಮ್ಮೆ ನೋಡಿ ಪಕ್ಕದ ಕಿಟಕಿ ತೆಗೆದ.